ಗರಿ ಎಂದರೆ ಗರಿ

ಹೊನ್ನಾವರದ ಪೇಟೆಯಲ್ಲಿ ನನಗೊಂದು ಕೋಣೆ ಇತ್ತು. ನನ್ನದು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ಬೀಗದ ಕೈ ಮಾತ್ರ ಅಣ್ಣನ ಅಂಗಿಯ ಕಿಸೆಯಲ್ಲಿರುತ್ತಿತ್ತು. ಅಪ್ಪ ಇರುವಾಗ ಅಲ್ಲಿ ಹಗ್ಗ, ಬಲೆ ಹೆಣೆಯುವ ದಾರ, ಮೀನಿನ ಗಾಳ ಮಾರುತ್ತಿದ್ದ. ಅಪ್ಪ ಹೋದ ಮೇಲೆ ಅಣ್ಣನಿಗೆ ಕಚೇರಿಯ ಕೆಲಸ ಸಿಕ್ಕಿತ್ತು, ಅಂಗಡಿ ಬಾಗಿಲು ಹಾಕಿತ್ತು. ನಾನು ಕುಮಟೆಯ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದಗಳನ್ನು ಮಡಚುತ್ತ, ಅವುಗಳ ಮೂಲೆಗೆ ಅರಿಶಿನ ಹಚ್ಚುತ್ತ, ಹಾಗೆಯೇ ಕದ್ದು ನೋಡುತ್ತ ಸ್ಕ್ರೀನ್ ಪ್ರಿಂಟಿಂಗ್ ಕಲಿತಿದ್ದೆ. ಒಂದು ದಿನ ಮಾಲೀಕರ ಜೊತೆ ಜಗಳ ಮಾಡಿಕೊಂಡು ಬಸ್ಸು ಹತ್ತಿ ಮನೆಗೆ ಬಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ.

ಮರುದಿನವೇ ಅಪ್ಪನ ಅಂಗಡಿಯನ್ನು ಗುಡಿಸಿ ಒರೆಸಿ ಒಂದು ಮೇಜು ಹಾಕಿಕೊಂಡೆ. ಬಟ್ಟೆ ಚೀಲ, ಲೆಟರ್‌ಹೆಡ್, ಮದುವೆ ಕಾಗದ, ಯಾರು ಏನು ತಂದರೂ ಮಾಡಿ ಕೊಡುತ್ತಿದ್ದೆ. ಅಣ್ಣ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಅಪ್ಪನ ಕಾಲದ ಬೋರ್ಡು ಬಾಗಿಲ ಮೇಲೆ ಹಾಗೆಯೇ ನೇತಾಡುತ್ತಿತ್ತು. ಹತ್ತಿರದ ಮಂಕಿ ಊರಿನಿಂದ ಬಂದವರು ಅದನ್ನು ಓದಿಕೊಂಡು ಒಳಗೆ ಬಂದು ನೈಲಾನ್ ಹಗ್ಗ ಕೇಳುತ್ತಿದ್ದರು.

ರೈಲು ಬಂದ ಹೊಸತು ಅದು. ಊರಿನಲ್ಲಿ ಎಲ್ಲರಿಗೂ ಹೊಸದೇನಾದರೂ ಮಾಡುವ ಹುಕಿ. ಕಂಪ್ಯೂಟರ್ ಕಲಿಸುವ ಕ್ಲಾಸು ತೆಗೆಯುತ್ತೇವೆ, ಪೇಟೆಯ ಮೇಲೆ ಒಂದು ಕೋಣೆ ಬೇಕು ಎಂದು ಯಾರೋ ಬಂದು ಅಣ್ಣನನ್ನು ಕಂಡರು. ಅಣ್ಣ ಊಟಕ್ಕೆ ಕೂತಾಗ ನನ್ನ ಮುಖ ನೋಡದೆ ಹೇಳಿದ.

"ದೀಪಾವಳಿ ಆದ್ಮೇಲೆ ಕೋಣೆ ಅವರಿಗೆ ಕೊಡುವ ಅಂತ ಅದೆ. ತಿಂಗಳು ತಿಂಗಳು ಬಾಡಿಗೆ ಬರ್ತದೆ. ನೀನು ಬೇಕಾದ್ರೆ ಮನೆ ಜಗುಲಿ ಮೇಲೆ ಮಾಡ್ಕೋ."

"ಜಗುಲಿ ಮೇಲೆ ಎಂತ ಮಾಡುದು? ಹಪ್ಪಳ ಒಣಗಿಸುದಾ?" ಎಂದೆ.

"ಹಂಗಾರೆ ನಿನ್ನ ಕೆಲಸ ಒಂದು ಕೆಲಸ ಅಂತ ತೋರ್ಸು. ಚೀಲದ ಮೇಲೆ ಅಂಗಡಿ ಹೆಸರು ಒತ್ತೂದಲ್ಲ. ಜನ ನಿಂತು ನೋಡುವಂಥದ್ದು."

ಅನ್ನದ ತಟ್ಟೆ ಬಿಟ್ಟು ಎದ್ದೆ. ಆಮೇಲೆ ಹಸಿವಾಯಿತು, ಬಂದು ಉಂಡೆ. ಆದರೆ ಆ ದಿನದಿಂದ ನನಗೆ ಒಳಗೊಳಗೇ ಹೆದರಿಕೆ ಹೊಕ್ಕಿತು. ಕೋಣೆ ಹೋದರೆ ಕೆಲಸವೂ ಹೋಗುತ್ತದೆ, ಮತ್ತೆ ಕುಮಟೆಗೆ ಹೋಗಿ ಅದೇ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಅದಕ್ಕಿಂತ ಹೊಳೆಗೆ ಹಾರುವುದು ಲೇಸು ಎಂದು ಆಯಿಯ, ಅಂದರೆ ಅಮ್ಮನ, ಹತ್ತಿರ ಹೇಳಿದೆ. ಆಯಿ, "ಹಾರುವ ಮೊದ್ಲು ಆ ಬಟ್ಟೆ ಒಳಗೆ ಹಾಕು, ಮಳೆ ಬರ್ತದೆ" ಎಂದಳು.

ಅಂಥ ಹೊತ್ತಿನಲ್ಲಿ ಮಾಸ್ತರು ಬಂದರು. ನಮ್ಮ ಕೇರಿಯ ಹೈಸ್ಕೂಲಿನ ಗಣಿತದ ಮಾಸ್ತರು. ವಾರವಿಡೀ ಮಕ್ಕಳನ್ನು ಹೆದರಿಸಿಕೊಂಡಿದ್ದು, ಭಾನುವಾರ ಬೆಳಿಗ್ಗೆ ಹಳೆಯ ಚೀಲ ಹೆಗಲಿಗೆ ಹಾಕಿಕೊಂಡು ಶರಾವತಿಯ ದಂಡೆಯಲ್ಲಿ ಮೀನು ಹಿಡಿಯಲು ಕೂರುತ್ತಿದ್ದರು. ಹೊಟ್ಟೆಪಾಡಿಗಲ್ಲ, ಬರೀ ಹುಚ್ಚಿಗೆ. ಹಾಗೆ ಹುಚ್ಚು ಹಿಡಿದವರು ಅವರೊಬ್ಬರೇ ಆಗಿರಲಿಲ್ಲ. ಕುಮಟೆಯಿಂದ ಬ್ಯಾಂಕಿನ ಕಾರಕೂನರು, ಬಾಡದಿಂದ ಒಬ್ಬ ಟೇಲರು, ಹೊಳನಗದ್ದೆಯಿಂದ ಒಬ್ಬ ಪೋಸ್ಟಿನವರು, ಭಟ್ಕಳದಿಂದ ಬಟ್ಟೆ ಅಂಗಡಿಯ ಸಾಹೇಬರು, ಹೀಗೆ ಹೊನ್ನಾವರ, ಕುಮಟೆ, ಭಟ್ಕಳ ಮೂರೂ ತಾಲೂಕಿನವರು ಸೇರಿ ಒಂದು ಬಳಗ ಮಾಡಿಕೊಂಡಿದ್ದರು. ನಿಜವಾದ ಮೀನುಗಾರರಿಗೆ ಇವರನ್ನು ಕಂಡರೆ ನಗು. ದೋಣಿಯಿಂದಲೇ ಕೂಗಿ, "ಮಾಸ್ತರೇ, ಮನೆಗೆ ಹೋಗುವಾಗ ಪೇಟೆ ಮೇಲೆ ಹಾದು ಹೋಗಿ, ಬಂಗಡೆ ಮೀನು ಬಂದದೆ" ಎನ್ನುತ್ತಿದ್ದರು.

ದಸರೆಯ ರಜೆಯ ಭಾನುವಾರ ಮೂರೂ ತಾಲೂಕಿನವರು ಹೊನ್ನಾವರದಲ್ಲಿ ಸೇರಿ ಇಡೀ ದಿನ ಮೀನು ಹಿಡಿಯುವುದು ಎಂದಾಗಿತ್ತು. ಅದಕ್ಕೆ ಎಲ್ಲರಿಗೂ ಒಂದೇ ಥರದ ಟೀ ಶರ್ಟು ಬೇಕು ಎಂದರು ಮಾಸ್ತರು.

"ಕ್ರಿಕೆಟ್ ಆಡುವ ಹುಡುಗರಿಗೆಲ್ಲ ಅದೆ, ನಮಗೆ ಎಂತಕ್ಕೆ ಇಲ್ಲ? ಅಂಗಿ ಭಟ್ಕಳದ ಸಾಹೇಬರು ತಂದು ಕೊಡ್ತಾರೆ. ಬೆನ್ನ ಮೇಲೆ ಬಳಗದ ಹೆಸರು, ಒಂದು ಚಿತ್ರ. ಮಾಡ್ತೆಯಾ ತಂಗಿ?"

ನಾನು ಅಲ್ಲಿಯವರೆಗೆ ಒಂದೇ ಒಂದು ಅಂಗಿಯ ಮೇಲೂ ಮುದ್ರಣ ಮಾಡಿರಲಿಲ್ಲ. "ಅದೆಲ್ಲ ನಮಗೆ ಎಂತ ದೊಡ್ಡದು, ಮಾಸ್ತರೇ" ಎಂದುಬಿಟ್ಟೆ.

ಬಳಗದ ಹೆಸರು ಮೊದಲು 'ಗಾಳ ಬಳಗ' ಎಂದಿತ್ತು. ಅದಕ್ಕೆ ಮಾಸ್ತರ ಹೆಂಡತಿ ಅಡ್ಡ ಬಂದರು. ಗಾಳ ಹಾಕುವವರು ಎಂದು ಬೆನ್ನ ಮೇಲೆ ಬರೆದುಕೊಂಡು ಪೇಟೆಯಲ್ಲಿ ತಿರುಗಿದರೆ ಜನ ಯಾರಿಗೆ ಗಾಳ ಹಾಕುವುದು ಎಂದು ಕೇಳುವುದಿಲ್ಲವೇ ಎಂಬುದು ಅವರ ಮಾತು. ಟೇಲರ ಮನೆಯಲ್ಲಿಯೂ ಅದೇ ತಕರಾರು ಎದ್ದಿತಂತೆ. ಕಡೆಗೆ 'ಗರಿ ಬಳಗ' ಎಂದಾಯಿತು. ನಮ್ಮ ಕಡೆ ಮೀನಿನ ಗಾಳಕ್ಕೆ ಗರಿ ಎನ್ನುತ್ತಾರೆ. ಕೊಂಕಣಿಯ ಮಾತು ಅದು, ಆದರೆ ಅಪ್ಪನ ಅಂಗಡಿಯಲ್ಲಿ ಕನ್ನಡದವರೂ ಗರಿ ಕೊಡಿ ಎಂದೇ ಕೇಳುತ್ತಿದ್ದರು. ಗರಿಗೆ ಇನ್ನೊಂದು ಅರ್ಥ ಇದೆ ಎಂಬುದು ನಮಗ್ಯಾರಿಗೂ ಆ ಹೊತ್ತಿಗೆ ನೆನಪಾಗಲೇ ಇಲ್ಲ.

ಸ್ಕ್ರೀನ್ ಎಂದರೆ ಮರದ ಚೌಕಟ್ಟಿಗೆ ಬಿಗಿದ ತೆಳ್ಳನೆಯ ನೈಲಾನ್ ಬಟ್ಟೆ. ಅಕ್ಷರ, ಚಿತ್ರ ಇರುವಲ್ಲಿ ಮಾತ್ರ ಬಣ್ಣ ಕೆಳಗಿಳಿಯುತ್ತದೆ, ಉಳಿದ ಕಡೆ ಲೇಪ ತಡೆಯುತ್ತದೆ. ಮೇಲೆ ಬಣ್ಣ ಸುರಿದು ರಬ್ಬರಿನ ಪಟ್ಟಿಯಿಂದ ಎಳೆದರೆ ಆಯಿತು. ಎಳೆಯುವುದು ನನಗೆ ಬರುತ್ತಿತ್ತು, ಚಿತ್ರ ಬರೆಯುವುದು ಬರುತ್ತಿರಲಿಲ್ಲ. ಅದಕ್ಕೆ ಹುಬ್ಬಳ್ಳಿಯಲ್ಲಿ ಒಬ್ಬ ಕಲಾವಿದರಿದ್ದರು. ನಾವು ಹೇಳಿದ್ದನ್ನು ಬರೆದು, ಚೌಕಟ್ಟಿಗೆ ಏರಿಸಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದರು. ಎಸ್‌ಟಿಡಿ ಬೂತಿಗೆ ಹೋಗಿ ಅವರಿಗೆ ಫೋನು ಮಾಡಿದೆ. ಮಾತಾಡುವಾಗ ನನ್ನ ಕಣ್ಣೆಲ್ಲ ಗೋಡೆಯ ಮೇಲೆ ಓಡುವ ಕೆಂಪು ಅಂಕಿಗಳ ಮೇಲೆ.

"ಕೆಳಗೆ ಗರಿ ಬಳಗ ಅಂತ ಬರಲಿ. ಮೇಲೆ ಒಂದು ದೊಡ್ಡ ಗರಿ ಹಾಕಿ. ಒಂದೇ ಸಾಕು. ತುದಿ ಚೂಪಾಗಿ, ಬಾಗಿರಬೇಕು."

"ಬಾಗಿಸೇ ಹಾಕ್ತೀನ್ರಿ ಅಕ್ಕಾರ. ಭಾಳ ಚಂದ ಕಾಣ್ತೈತಿ," ಎಂದರು ಅವರು.

ಚೌಕಟ್ಟು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಕೋಣೆಯ ಬಾಗಿಲಲ್ಲೇ ಕಾಗದ ಹರಿದು ಬೆಳಕಿಗೆ ಹಿಡಿದೆ. ಚಂದವೇನೋ ಚಂದವೇ. ಒಂದು ನವಿಲುಗರಿ, ಎಳೆ ಎಳೆಯಾಗಿ, ಮೇಲೆ ಕಣ್ಣು, ಕೆಳಗೆ ಬರುತ್ತ ಬರುತ್ತ ದಂಟು ಬಾಗಿ 'ರಿ' ಅಕ್ಷರದ ಗುಡಿಸಿನಲ್ಲಿ ಕೂಡಿಕೊಂಡಿತ್ತು. ನನಗೆ ತಲೆ ಬಿಸಿಯಾಯಿತು, ಚಪ್ಪಲಿಯನ್ನೂ ಹಾಕದೆ ಬೂತಿಗೆ ಓಡಿದೆ.

"ಇದೆಂತ ಮಾಡಿಟ್ಟಿದ್ದೀರಿ? ನಾನು ಗರಿ ಹಾಕಿ ಅಂದ್ರೆ ನವಿಲಿನದ್ದು ತಂದು ಅಂಟಿಸಿದ್ದೀರಲ್ಲ!"

"ಅಲ್ರೀ, ಗರಿ ಅಂದ್ರ ಗರಿನ ಅಲ್ಲೇನ್ರಿ? ಗರಿ ಅಂದ್ರಿ, ಗರಿ ಹಾಕೀನಿ. ಕೋಳಿದು ಬೇಕಿತ್ತೇನು?"

"ಮೀನು ಹಿಡಿಯುವ ಗರಿ ಬೇಕಿತ್ತು!"

"ಮೀನಿಗೆ ಎಲ್ಲೈತ್ರಿ ಅಕ್ಕಾರ ಗರಿ?" ಎಂದರು ಪಾಪ, ನಿಜವಾಗಿಯೂ ಗೊತ್ತಿಲ್ಲದವರ ದನಿಯಲ್ಲಿ. ಬೂತಿನವನು ಬಾಯಿಗೆ ಟವೆಲು ಅಡ್ಡ ಹಿಡಿದುಕೊಂಡಿದ್ದ. ಬೇರೆ ಮಾಡಿಕೊಡಿ ಎಂದರೆ ನಾಳೆ ಆಯುಧಪೂಜಿ, ಅಂಗಡಿ ಬಾಗಲಾ ಹಾಕತೀವಿ, ಹಬ್ಬ ಕಳದ ಮ್ಯಾಲೆ ನೋಡೋಣ ಎಂದರು. ಹಬ್ಬ ಕಳೆದ ಮರುದಿನವೇ ಭಾನುವಾರ.

ಕೋಣೆಗೆ ಬಂದು ಕೂತು ಲೆಕ್ಕ ಹಾಕಿದೆ. ಚಿತ್ರವನ್ನು ಪೂರ್ತಿ ಮುಚ್ಚಿ ಹೆಸರು ಮಾತ್ರ ಒತ್ತೋಣ ಎಂದರೆ ದಂಟಿನ ಜೊತೆ ಗುಡಿಸೂ ಹೋಗುತ್ತಿತ್ತು. ಆಗ 'ಗರ ಬಳಗ' ಆಗುತ್ತಿತ್ತು. ಗರ ಬಡಿದವರ ಬಳಗ. ದೋಣಿಯವರಿಗೆ ಅದಕ್ಕಿಂತ ಇನ್ನೇನು ಬೇಕು? ಹಾಗೆಯೇ ನವಿಲುಗರಿಯನ್ನು ಒತ್ತಿ ಕೊಟ್ಟರೆ ಮಾಸ್ತರು ಬೈಯುವವರಲ್ಲ, ಸುಮ್ಮನೆ ತೊಟ್ಟುಕೊಂಡು ಹೋಗುತ್ತಿದ್ದರು. ಅವರನ್ನು ನೋಡಿ ಊರು ನಗುತ್ತಿತ್ತು, ಅಣ್ಣ ನಗದೆ ಬೀಗದ ಕೈಯನ್ನು ಕಂಪ್ಯೂಟರಿನವರಿಗೆ ಕೊಡುತ್ತಿದ್ದ. ಆ ದಿನ ನಾನು ಅತ್ತೆ. ಸಿಟ್ಟಿನಿಂದ ಎಂದು ಎಲ್ಲರಿಗೂ ಹೇಳಿದ್ದೆ, ಅದು ಸಿಟ್ಟಲ್ಲ.

ಮರುದಿನ ಬೆಳಿಗ್ಗೆ ಆಯಿ ಪೂಜೆಯ ತಯಾರಿ ಮಾಡಿಕೊಂಡು ಅಂಗಡಿಗೆ ಬಂದಳು. ಅಪ್ಪನ ಕಾಲದಿಂದಲೂ ಆಯುಧಪೂಜೆ ಅಲ್ಲಿಯೇ. ಆಗ ತಕ್ಕಡಿಗೆ, ಹಗ್ಗ ಕೊಯ್ಯುವ ಕತ್ತಿಗೆ ಪೂಜೆ ಆಗುತ್ತಿತ್ತು, ಈಗ ನನ್ನ ಸಾಮಾನಿಗೆ. ರಬ್ಬರಿನ ಪಟ್ಟಿಗೆ ಕುಂಕುಮ ಹಚ್ಚಿದಳು, ಬಣ್ಣದ ಡಬ್ಬಿಗಳಿಗೂ ಹಚ್ಚಿದಳು. ಹೊಸ ಚೌಕಟ್ಟನ್ನು ಕಿಟಕಿಗೆ ಒರಗಿಸಿ ಅದರ ಮೇಲೆ ಗೊಂಡೆ ಹೂವಿನ ದಪ್ಪ ಮಾಲೆ ಹಾಕಿದಳು. ನಾನು ಮುಖ ಊದಿಸಿಕೊಂಡು ಮೂಲೆಯಲ್ಲಿ ನಿಂತಿದ್ದೆ.

ಮಂಗಳಾರತಿ ಎತ್ತುವಾಗ ಕಿಟಕಿಯ ಬಿಸಿಲು ಚೌಕಟ್ಟಿನ ಹಿಂದಿನಿಂದ ಬಂತು. ಮಾಲೆ ಗರಿಯ ಮೇಲಿನ ಭಾಗವನ್ನು, ಆ ಕಣ್ಣನ್ನು, ಎರಡು ಬದಿಯ ಎಳೆಗಳನ್ನು ಪೂರ್ತಿ ಮುಚ್ಚಿತ್ತು. ಉಳಿದದ್ದು ಬಾಗಿದ ದಂಟು ಮತ್ತು ಅದರ ಬುಡದಲ್ಲಿ ಒಂದು ಸಣ್ಣ ಪುಕ್ಕದ ಜುಟ್ಟು. ದಂಟು ಗುಡಿಸಿನ ಹತ್ತಿರ ಬಾಗಿ ಚೂಪಾಗಿ ಮೇಲೆದ್ದಿತ್ತು. ಅದು ಗರಿ, ನಮ್ಮ ಗರಿ, ಅಪ್ಪ ಪೊಟ್ಟಣ ಕಟ್ಟಿ ಮಾರುತ್ತಿದ್ದ ಕಬ್ಬಿಣದ ಗರಿ. ಹುಬ್ಬಳ್ಳಿಯವರು ನಾನು ಹೇಳಿದಂತೆ ಬಾಗಿಸಿಯೇ ಹಾಕಿದ್ದರು.

"ಆಯಿ, ಮಾಲೆ ಮುಟ್ಟಬೇಡ!" ಎಂದು ಕೂಗಿದೆ. ಆಯಿ ಬೆಚ್ಚಿ ಆರತಿಯ ತಟ್ಟೆಯನ್ನು ಕೆಳಗಿಟ್ಟಳು.

ಮಾಲೆ ಮುಚ್ಚಿದಷ್ಟು ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದೆ. ದೊಡ್ಡ ಜಾಗಕ್ಕೆ ಕೆಳಗಿನಿಂದ ಟೇಪು ಅಂಟಿಸಬಹುದು, ಆದರೆ ದಂಟಿನ ಪಕ್ಕದ ಸೂಕ್ಷ್ಮ ಎಳೆಗಳಿಗೆ ಟೇಪು ಆಗುವುದಿಲ್ಲ. ಅಂಥ ಸಣ್ಣ ತೂತು ಮುಚ್ಚಲು ಕುಮಟೆಯ ಪ್ರೆಸ್ಸಿನಲ್ಲಿ ನೇಲ್ ಪಾಲಿಶ್ ಹಚ್ಚುತ್ತಿದ್ದರು. ನನ್ನ ಹತ್ತಿರ ಒಂದು ಕೆಂಪು ಶೀಸೆ ಇತ್ತು, ಯಾರದೋ ಮದುವೆಗೆ ತೆಗೆದುಕೊಂಡದ್ದು. ತಂದು ಮುಚ್ಚಳ ತಿರುಗಿಸುವ ಹೊತ್ತಿಗೆ ಅಣ್ಣ ಪ್ರಸಾದಕ್ಕೆ ಬಂದ.

"ಪೂಜೆಗಿಟ್ಟ ಸಾಮಾನು ಇವತ್ತು ಮುಟ್ಟೂಕಾಗ. ಗೊತ್ತಿಲ್ವಾ ನಿಂಗೆ?"

ಅವನು ಹೇಳಿದ್ದು ಸರಿಯೇ. ಪೂಜೆಗಿಟ್ಟ ದಿನ ಸಾಮಾನನ್ನು ಕೆಲಸಕ್ಕೆ ಮುಟ್ಟುವುದಿಲ್ಲ. ಆದರೆ ಇವತ್ತು ಮುಚ್ಚಿ ಒಣಗಿಸದಿದ್ದರೆ ನಾಳೆ ಒತ್ತಲು ಆಗುತ್ತಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಆಯಿ ಕಾಯಿ ಒಡೆಯುತ್ತ ಹೇಳಿದಳು.

"ಅವಳು ಕೆಲಸ ಎಲ್ಲಿ ಮಾಡ್ತಳೆ? ನೇಲ್ ಪಾಲಿಶ್ ಹಚ್ತಳೆ. ಹಬ್ಬದ ದಿನ ಹೆಣ್ಣುಮಕ್ಕಳು ಹಚ್ಕೊಳ್ಳೂದೇ ಅಲ್ದಾ?"

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ನೋಡಿದ್ದು. ಹೂವಿನ ಮಾಲೆಯನ್ನು ಕೈಯಿಂದ ಎತ್ತಿ ಹಿಡಿದುಕೊಂಡು ನಾನು ಒಂದೊಂದೇ ಎಳೆಯನ್ನು ಮುಚ್ಚಿದೆ. ಪುಕ್ಕದ ಸಣ್ಣ ಜುಟ್ಟನ್ನೂ ಮುಚ್ಚಬೇಕಿತ್ತು. ಆದರೆ ಶೀಸೆ ಖಾಲಿಯಾಯಿತು, ಹಬ್ಬದ ದಿನ ಫ್ಯಾನ್ಸಿ ಅಂಗಡಿ ಬಾಗಿಲು ಹಾಕಿತ್ತು. ಜುಟ್ಟು ಹಾಗೆಯೇ ಉಳಿಯಿತು.

ಮಾರನೆಯ ದಿನ ಬೆಳಿಗ್ಗೆ ಮನೆಯಲ್ಲಿ ಒಗೆದು ಒಣಗಿಸಿದ್ದ ಅಣ್ಣನ ಒಂದು ಹಳೆ ಬೂದು ಬಣ್ಣದ ಬನಿಯನ್ ಕಂಡಿತು. ಕೇಳದೆ ತಂದು ಅದರ ಮೇಲೆ ಮೊದಲ ಪ್ರಯೋಗ ಮಾಡಿದೆ. ಸ್ವಲ್ಪ ಓರೆಯಾಗಿ ಬಂತು, ಆದರೆ ಅಕ್ಷರ ಒಡೆದಿರಲಿಲ್ಲ. ಆಮೇಲೆ ಸಾಹೇಬರು ಕಳಿಸಿದ ಕಡುನೀಲಿ ಅಂಗಿಗಳನ್ನು ಒಂದೊಂದಾಗಿ ತೆಗೆದು, ಒಳಗೆ ರಟ್ಟು ತೂರಿಸಿ, ಬಿಳಿ ಬಣ್ಣ ಎಳೆದೆ. ನೀಲಿಯ ಮೇಲೆ ಬಿಳಿ ಒಂದೇ ಎಳೆತಕ್ಕೆ ಮಸುಕಾಗುತ್ತದೆ. ಹಾಗಾಗಿ ಚೌಕಟ್ಟನ್ನು ಅಲುಗಾಡಿಸದೆ ಮತ್ತೊಮ್ಮೆ ಎಳೆಯಬೇಕು, ಉಸಿರು ಬಿಗಿ ಹಿಡಿದು. ಆಯಿ ಹಗ್ಗ ಕಟ್ಟಿ ಒಣಗಲು ಹಾಕಿದಳು. ಅಂಗಡಿಯಲ್ಲಿ ಹಗ್ಗಕ್ಕೆ ಬರವಿರಲಿಲ್ಲ, ಅಪ್ಪನದು ಇನ್ನೂ ಒಂದು ಸುರುಳಿ ಅಟ್ಟದ ಮೇಲಿತ್ತು. ಒಣಗಿದ ಮೇಲೆ ಕಾಗದ ಅಡ್ಡ ಇಟ್ಟು ಇಸ್ತ್ರಿ ಹಾಕಿದೆ. ಸಂಜೆಯ ಹೊತ್ತಿಗೆ ಕೋಣೆಯ ತುಂಬ ನೀಲಿ ಬೆನ್ನುಗಳು ನೇತಾಡುತ್ತಿದ್ದವು. ನನಗೆ ಖುಷಿಯಾಯಿತು, ಆ ಜುಟ್ಟು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು.

ಭಾನುವಾರ ಮಾಸ್ತರು ಅಂಗಿಗಳನ್ನು ಹಂಚಿದರು. ಚಿತ್ರ ಅವರಿಗೆ ಹಿಡಿಸಿತ್ತು. ಜುಟ್ಟು ಕಂಡು, "ಇದೆಂತ ತಂಗಿ, ಗರಿಗೆ ಗಡ್ಡ ಬಂದದೆ?" ಎಂದರಷ್ಟೆ. ಅಂಗಿ ತೊಟ್ಟವರೆಲ್ಲ ಹೊಳೆಯ ದಂಡೆಯಲ್ಲಿ ಸಾಲಾಗಿ ಕೂತರು. ನಾನು ಹಿಂದೆ ಒಂದು ತೆಂಗಿನ ಮರದ ಬುಡದಲ್ಲಿ ನಿಂತು ಬೆನ್ನುಗಳನ್ನೇ ನೋಡುತ್ತಿದ್ದೆ. ಆಯಿ ಕಟ್ಟಿಕೊಟ್ಟ ತಿಂಡಿ ತಂದ ನೆಪದಲ್ಲಿ ಅಣ್ಣನೂ ಬಂದು ಸ್ವಲ್ಪ ದೂರದಲ್ಲಿ ನಿಂತ. ದೋಣಿಯೊಂದು ದಂಡೆಗೆ ಹತ್ತಿರ ಬಂತು. ಅದರಲ್ಲಿದ್ದವನೊಬ್ಬ ಕೈ ಅಡ್ಡ ಹಿಡಿದು ಓದಿದ.

"ಓಹೋ, ಪುಕ್ಕ ಬೇರೆ ಅದೆಯಲ್ಲ! ಮಾಸ್ತರು ಇವತ್ತು ಕೋಳಿ ಹಿಡಿಯೂಕೆ ಬಂದ್ರಾ?"

ದೋಣಿಯಲ್ಲಿದ್ದವರೆಲ್ಲ ನಕ್ಕರು. ಮಾಸ್ತರೂ ನಕ್ಕರು, ಆದರೆ ಅವರ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದಲೂ ಕಂಡಿತು. ನಾನು ಅಣ್ಣನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಅಷ್ಟರಲ್ಲಿ ಭಟ್ಕಳದ ಸಾಹೇಬರು ತಡವಾಗಿ ಬಂದರು. ಅವರ ವಿಷಯ ಒಂದು ಹೇಳಬೇಕು. ಯಾರಿಗೂ ಏನೂ ಸಿಗದ ದಿನವೂ ಸಾಹೇಬರಿಗೆ ಮಾತ್ರ ಮೀನು ಸಿಗುತ್ತಿತ್ತು. ಹೇಗೆ ಎಂದು ಕೇಳಿದರೆ ಮೇಲೆ ಆಕಾಶ ತೋರಿಸುತ್ತಿದ್ದರು. ದಾರಕ್ಕೆ ಗರಿ ಕಟ್ಟುವಾಗ ಎಲ್ಲರಿಗೂ ಬೆನ್ನು ತಿರುಗಿಸಿ ಕೂರುತ್ತಿದ್ದರು. ಬಿಸ್ಕತ್ತಿನ ಒಂದು ಡಬ್ಬಿ ಇತ್ತು, ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಸಾಹೇಬರು ಸಾಲಿನ ಹಿಂದಿನಿಂದ ನಡೆದು ಬರುತ್ತಿದ್ದವರು ಮಾಸ್ತರ ಬೆನ್ನು ಕಂಡು ಗಕ್ಕನೆ ನಿಂತರು. ಬಗ್ಗಿ ನೋಡಿದರು. ಪಕ್ಕದ ಬೆನ್ನು ನೋಡಿದರು. ಸಾಲಿನ ಕೊನೆಯವರೆಗೆ ನೋಡಿದರು.

"ಮಾಸ್ಟರ್ ಸಾಬ್, ಇದು ಯಾರು ಹೇಳಿದ್ದು ನಿಮ್ಗೆ?" ದನಿಯಲ್ಲಿ ನಿಜವಾದ ನೋವಿತ್ತು. "ನನ್ನ ಡಬ್ಬಿ ಯಾರು ತೆಗೆದಿದ್ದು?"

ಮಾಸ್ತರು ಕಣ್ಣು ಕಣ್ಣು ಬಿಟ್ಟರು. "ಎಂತ ಡಬ್ಬಿ ಸಾಹೇಬರೇ?"

"ಮತ್ತೆ ಇದು?" ಸಾಹೇಬರು ಬಿಸ್ಕತ್ತಿನ ಡಬ್ಬಿಯನ್ನು ಅವರ ಮುಂದೆಯೇ ತೆರೆದರು. ಒಳಗೆ ಗರಿಗಳಿದ್ದವು. ಒಂದೊಂದರ ಬುಡಕ್ಕೂ ಬಿಳಿ ಕೋಳಿಪುಕ್ಕದ ಒಂದು ಸಣ್ಣ ಜುಟ್ಟನ್ನು ದಾರದಲ್ಲಿ ಸುತ್ತಿ ಕಟ್ಟಿತ್ತು. ನೀರಿನಲ್ಲಿ ಎಳೆದರೆ ಪುಕ್ಕ ಸಣ್ಣ ಮೀನಿನ ಹಾಗೆ ಆಡುತ್ತದಂತೆ, ದೊಡ್ಡ ಮೀನು ಅದನ್ನು ತಿನ್ನಲು ಬರುತ್ತದಂತೆ. "ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ಲ ನಾನು. ನನ್ನ ಗುಟ್ಟು ತಗೊಂಡು ಎಲ್ಲರ ಬೆನ್ನ ಮೇಲೆ ಹಾಕಿದ್ದೀರಲ್ಲ!"

ಎಲ್ಲರೂ ಡಬ್ಬಿಯ ಸುತ್ತ ಮುಗಿಬಿದ್ದರು. ದೋಣಿಯೂ ದಂಡೆಗೇ ಬಂದು ತಾಗಿತು. ಕೋಳಿ ಎಂದು ನಕ್ಕವನು ನೀರಿಗಿಳಿದು ಬಂದು, ಒಂದು ಗರಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಮಾಸ್ತರ ಬೆನ್ನಿನ ಚಿತ್ರದ ಪಕ್ಕ ಇಟ್ಟು ನೋಡಿದ. "ಹೌದಲ್ಲ ಮಾರಾಯ, ಅದೇ" ಎಂದ. ಅವನು ಈಗ ನಗುತ್ತಿರಲಿಲ್ಲ.

"ಯಾರು ಹೇಳಿದ್ದು, ತಂಗಿ?" ಸಾಹೇಬರು ನನ್ನ ಕಡೆ ತಿರುಗಿದರು.

"ಹುಬ್ಬಳ್ಳಿಯವರು" ಎಂದೆ.

"ಹುಬ್ಬಳ್ಳಿಯಲ್ಲಿ ಸಮುದ್ರ ಎಲ್ಲಿದೆ?"

ನನಗೆ ನಗು ತಡೆಯಲಾಗದೆ ತೆಂಗಿನ ಬುಡದಲ್ಲೇ ಕೂತುಬಿಟ್ಟೆ. ಆಮೇಲೆ ನವಿಲಿನಿಂದ ಹಿಡಿದು ನೇಲ್ ಪಾಲಿಶ್ ಮುಗಿಯುವವರೆಗೆ ಎಲ್ಲ ಕತೆಯನ್ನು ಹೇಳಿದೆ. ಸಾಹೇಬರು ಕೇಳುತ್ತ ಕೇಳುತ್ತ ತಾವೂ ನಕ್ಕರು. ಕೊನೆಗೆ, ಗುಟ್ಟು ಹೋದ ಮೇಲೆ ಡಬ್ಬಿ ಯಾಕೆ ಎಂದು ಎಲ್ಲರಿಗೂ ಒಂದೊಂದು ಪುಕ್ಕದ ಗರಿ ಹಂಚಿದರು. ಆ ದಿನ ಮಾಸ್ತರಿಗೆ ಒಂದು ಮೀನು ಸಿಕ್ಕಿತು. ಸಣ್ಣದೇ, ಆದರೆ ಅವರು ಅದನ್ನು ಪೇಟೆಯ ಮೇಲಿನ ದಾರಿಯಲ್ಲೇ, ಎಲ್ಲರಿಗೂ ಕಾಣುವ ಹಾಗೆ ಮನೆಗೆ ತೆಗೆದುಕೊಂಡು ಹೋದರು. ದೋಣಿಯವರು ಹೊರಡುವ ಮೊದಲು ನನ್ನ ಹತ್ತಿರ ಬಂದು, "ನಮ್ಮ ದೋಣಿ ಹುಡುಗರಿಗೂ ಅಂಗಿ ಮಾಡಿ ಕೊಡ್ತ್ಯಾ? ದೋಣಿ ಹೆಸರು ಬೆನ್ನ ಮೇಲೆ ಬರಬೇಕು" ಎಂದು ಕೇಳಿದರು. ಮಾಡ್ತೆ ಎಂದೆ. ಅಷ್ಟು ಹೊತ್ತಿಗೆ ಅಣ್ಣ ಅಲ್ಲಿರಲಿಲ್ಲ. ತಿಂಡಿಯ ಡಬ್ಬಿ ಕಲ್ಲಿನ ಮೇಲಿತ್ತು.

ಅಣ್ಣ ಏನು ನೋಡಿದನೋ, ಎಷ್ಟು ನೋಡಿದನೋ, ದೋಣಿಯವರು ನಗುವಾಗಲೇ ಹೊರಟುಹೋದನೋ ಎಂದು ಯೋಚಿಸುತ್ತಲೇ ಮನೆಗೆ ಬಂದೆ. ಊಟಕ್ಕೆ ಕೂತಾಗ ಅವನು ಬೇಗ ಬೇಗ ಉಂಡು ಎದ್ದುಹೋದ, ನಾನು ಹಟಕ್ಕೆ ಬಿದ್ದು ಕೇಳಲಿಲ್ಲ.

ಬೆಳಿಗ್ಗೆ ಅಂಗಡಿಗೆ ಹೋದರೆ ಬಾಗಿಲು ತೆರೆದಿತ್ತು. ಬಾಗಿಲ ಮೇಲಿನ ಬೋರ್ಡು ಇರಲಿಲ್ಲ. ಕಂಪ್ಯೂಟರಿನವರು ದೀಪಾವಳಿಯವರೆಗೂ ಕಾಯಲಿಲ್ಲ ಎಂದುಕೊಂಡೆ. ಬೈಯಲು ಮಾತುಗಳನ್ನು ಜೋಡಿಸಿಕೊಳ್ಳುತ್ತ ಹಿತ್ತಲ ಬಾಗಿಲಿಗೆ ಹೋದೆ.

ಅಣ್ಣ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮೈಮೇಲೆ ನಾನು ಕೇಳದೆ ತಂದ ಅದೇ ಬನಿಯನ್, ಬೆನ್ನ ಮೇಲೆ ಓರೆಯಾಗಿ ಗರಿ ಬಳಗ. ಅಪ್ಪನ ಬೋರ್ಡನ್ನು ಗೋಡೆಗೆ ಒರಗಿಸಿ ಬಿಳಿ ಬಣ್ಣ ಬಳಿಯುತ್ತಿದ್ದ. ಹಗ್ಗ, ಬಲೆ ದಾರ ಎಂಬ ಅಕ್ಷರಗಳು ಹಸಿ ಬಣ್ಣದ ಅಡಿಯಿಂದ ಇನ್ನೂ ಸ್ವಲ್ಪ ಕಾಣುತ್ತಿದ್ದವು. ಬೀಗದ ಕೈ ನನ್ನ ಮೇಜಿನ ಮೇಲಿತ್ತು.

ನನ್ನ ಅಣ್ಣನ ಮೇಲೆ ನನಗೆ ಆ ಹೊತ್ತು ಎಷ್ಟು ಪ್ರೀತಿ ಬಂತೆಂದು ಅವನಿಗೆ ಇವತ್ತಿಗೂ ಹೇಳಿಲ್ಲ.

ಅವನು ಬ್ರಷ್ ನಿಲ್ಲಿಸದೆ, ತಿರುಗಿಯೂ ನೋಡದೆ ಹೇಳಿದ.

"ಒಣಗಿದ ಮೇಲೆ ಹೆಸರು ನೀನೇ ಬರಿ. ಎಂತ ಬೇಕಾದ್ರೂ ಬರಿ. ಹುಬ್ಬಳ್ಳಿಗೆ ಮಾತ್ರ ಫೋನ್ ಮಾಡಬೇಡ."